ಬರ ನೋಡಲು ಬಂದವರಿಗೆ ಎಳನೀರು

ಕೊಡೆ ಹಿಡಿದುಕೊಂಡು ಬರಗಾಲದ ಸಭೆಗೆ ಹೋದ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಲಾರೆ. ಆದರೆ ಅದೇ ಕಾರಣಕ್ಕೆ ತುಂಬಿದ ಸಭೆಯಲ್ಲಿ ನಗೆಪಾಟಲಿಗೆ ಈಡಾದವಳು ಬಹುಶಃ ನಾನೊಬ್ಬಳೇ. ಕೊಡೆ ಹಳೆಯದು, ಕಪ್ಪು ಬಟ್ಟೆಯದು, ತಿಪಟೂರಿನ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಿಂದ ನನ್ನೊಡನೆ ಇರುವುದು. ಅದರ ಒಂದು ಕಡ್ಡಿ ಸೊಟ್ಟಗಾಗಿ, ಮಡಿಸಿದಾಗಲೂ ಕೊಕ್ಕರೆಯ ಕಾಲಿನಂತೆ ಹೊರಗೆ ಚಾಚಿಕೊಂಡಿರುತ್ತದೆ. ಅಂದು ಪಂಚಾಯಿತಿ ಕಚೇರಿಯ ಗೋಡೆಗೆ ಅದನ್ನು ಒರಗಿಸಿ ಕುಳಿತೆ. ನಮ್ಮ ಹೋಬಳಿಯನ್ನು ಬರಪೀಡಿತವೆಂದು ಘೋಷಿಸಬೇಕೆಂದು ಸರ್ಕಾರಕ್ಕೆ ಬರೆಯಬೇಕೇ ಬೇಡವೇ ಎಂಬುದು ಸಭೆಯ ಮುಂದಿದ್ದ ಪ್ರಶ್ನೆ. ಬರೆಯಲೇಬೇಕೆಂದು ನಾನು ಎದ್ದು ನಿಂತು, ಬಹಳ ಯೋಚಿಸಿ ಜೋಡಿಸಿಕೊಂಡಿದ್ದ ನನ್ನ ಮಾತಿನ ಮೊದಲ ವಾಕ್ಯವನ್ನು ಮುಗಿಸುವಷ್ಟರಲ್ಲಿ, ಕೊಡೆಯಿಂದ ಇಳಿದ ನೀರು ಸಿಮೆಂಟು ನೆಲದ ಮೇಲೆ ಸಣ್ಣ ಕಾಲುವೆಯಾಗಿ ಹರಿದು ಎದುರು ಸಾಲಿನಲ್ಲಿ ಕುಳಿತಿದ್ದ ನನ್ನ ಮೈದುನ ಶಿವನಂಜಪ್ಪನ ಚಪ್ಪಲಿಯನ್ನು ಮುಟ್ಟಿತು. ಅವನು ನೀರನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಸಭೆಯತ್ತ ತಿರುಗಿದ.

"ಕಾಲು ಎತ್ಕಳ್ರಪ್ಪೋ, ಬರ ಹರ್ಕೊಂಡು ಬತ್ತಾ ಐತೆ!"

ಸಭೆ ನಕ್ಕಿತು. ಅಷ್ಟಕ್ಕೇ ಬಿಡುವವನಲ್ಲ ಅವನು. "ನಮ್ಮತ್ತಿಗೆ ಭಾಳ ಓದವ್ರೆ. ಬರ ಅನ್ನೋದು ಅವರ ಪುಸ್ತಕದಾಗೆ ಐತೆ. ಮಳೆ ಹೊರಗಡೆ ಐತೆ, ನೋಡ್ಕಳಿ" ಎಂದ. ಮತ್ತೊಮ್ಮೆ ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಗೊತ್ತಿದೆ. ಹಲ್ಲಿಲ್ಲದ ಬಾಯಿಯನ್ನು ಟವೆಲ್ಲಿನಿಂದ ಮುಚ್ಚಿಕೊಂಡು ನಕ್ಕವರೂ ನನ್ನ ಕಣ್ಣಿಗೆ ಬೀಳದೆ ಹೋಗಲಿಲ್ಲ.

ಮರೆಯುವುದು ದೊಡ್ಡ ಗುಣವೆಂದು ಉಪದೇಶಿಸುವವರನ್ನು ನಾನು ಬಲ್ಲೆ. ಅವರಲ್ಲಿ ಹೆಚ್ಚಿನವರು ಇತರರು ಮರೆಯಲೇಬೇಕಾದಂಥದ್ದನ್ನು ಮಾಡಿದವರೇ ಆಗಿರುತ್ತಾರೆ. ಶಿವನಂಜಪ್ಪನ ವಿಷಯದಲ್ಲಿ ನನ್ನ ಸ್ಮರಣೆಗೆ ಯಾವ ಕಾಲದಲ್ಲೂ ಮಂಕು ಕವಿದಿಲ್ಲ. ತಿಪಟೂರಿನಲ್ಲಿ ಅವನಿಗೆ ಕೊಬ್ಬರಿ ಮಂಡಿ ಇದೆ, ಊರಿನಲ್ಲಿ ನಮ್ಮ ತೋಟಕ್ಕೆ ಅಂಟಿಕೊಂಡೇ ತೋಟವಿದೆ, ಬಾಯಿಯಲ್ಲಿ ಯಾವಾಗಲೂ ಒಂದು ಮಾತಿದೆ. ನನ್ನ ಕೈಯ ಹುಳಿಯನ್ನು ನೆಂಟರೆದುರಿಗೆ ಕೆರೆಕೋಡಿ ಎಂದು ಕರೆದವನು ಅವನೇ. ಆದರೆ ಎಲ್ಲಕ್ಕಿಂತ ಮಿಗಿಲಾದದ್ದು ಅವನ ಮಗಳ ಮದುವೆಯ ತುಪ್ಪ. ಅಂದು ಬಡಿಸುವ ಉಸ್ತುವಾರಿ ಅವನದು. ತುಪ್ಪದ ಪಾತ್ರೆ ಸಾಲಿನುದ್ದಕ್ಕೂ ಬಂದು, ನನ್ನ ಎಲೆಯ ಹತ್ತಿರಕ್ಕೆ ಬಂದಾಗ ಬರಿದಾಗಿ, ತುಂಬಿಸಿಕೊಂಡು ಬರಲು ಒಳಗೆ ಹೋಯಿತು. ನಾನು ಕಾದೆ. ಹೋಳಿಗೆ ಆರಿತು, ಒಣಗಿದ್ದನ್ನೇ ತಿಂದೆ. ಅನ್ನ ಸಾರು ಬಂತು, ಮಜ್ಜಿಗೆ ಬಂತು, ಊಟ ಮುಗಿಯಿತು, ಎಲೆ ಮಡಿಸಿದೆ. ಆಗ ಬಂದ, ಓಡುತ್ತ, ಬೆವರುತ್ತ, "ಅತ್ತಿಗೆ, ತುಪ್ಪ!" ಎಂದು ಮಡಿಸಿದ ಎಲೆಯ ಬೆನ್ನ ಮೇಲೆ ಒಂದು ಸೌಟು ಸುರಿದ. ಅತ್ತಿಗೆಗೆ ತಾನು ಧಾರಾಳವಾಗಿ ತುಪ್ಪ ಬಡಿಸಿದೆನೆಂದು ಇಂದಿಗೂ ಆಣೆ ಮಾಡಿ ಹೇಳುತ್ತಾನೆ. ಅದು ಸುಳ್ಳೂ ಅಲ್ಲ.

ಮಿತ್ರರೇ, ಈ ವರ್ಷದ ಮಳೆ ಆ ತುಪ್ಪದ ಜಾತಿಯದು. ಭರಣಿ ಚೆನ್ನಾಗಿ ಬಂತು, ಉತ್ತೆವು. ಪುನರ್ವಸು ಮಳೆಗೆ ರಾಗಿ ಬಿತ್ತಿದೆವು. ಪೈರು ಮೊಣಕಾಲುದ್ದ ಎದ್ದು, ತೆನೆ ಕಟ್ಟುವ ಆಸೆಯಿಂದ ಮುಗಿಲ ಕಡೆ ನೋಡುವ ಹೊತ್ತಿಗೆ ಮಳೆ ಕಣ್ಮರೆಯಾಯಿತು. ಮಖೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂದು ಗಾದೆ. ನಮ್ಮ ಮನೆಮಗ ಈ ಸಲ ಊಟಕ್ಕೇ ಬರಲಿಲ್ಲ. ಹುಬ್ಬೆಯೂ ಬರಲಿಲ್ಲ. ಉತ್ತರೆ ಮೋಡ ತೋರಿಸಿ, ಹಂದನಕೆರೆಯ ಕಡೆಗೆಲ್ಲೋ ಗುಡುಗಿ, ಮುಖ ತಿರುಗಿಸಿಕೊಂಡು ಹೋಯಿತು. ಪೈರು ಎಲೆ ಸುರುಟಿಕೊಂಡು, ಬಿಸಿಲಿಗೆ ಬೆಳ್ಳಗಾಗಿ, ನಿಂತಲ್ಲೇ ಒಣಗಿತು. ಆಮೇಲೆ ಬಂದವು ಚಿತ್ತೆ, ಸ್ವಾತಿ, ಓಡುತ್ತ, ಬೆವರುತ್ತ! ಹೊಲದಲ್ಲಿ ತುಂಬೆ, ಪಾರ್ಥೇನಿಯಂ ಎದೆಯುದ್ದ ಎದ್ದವು. ಸತ್ತ ರಾಗಿಯ ಬುಡದಲ್ಲೂ ಹೊಸ ಚಿಗುರುಗಳು ಒಡೆದವು, ಪರೀಕ್ಷೆಯ ಕಡೆಯ ಗಂಟೆ ಹೊಡೆದ ಮೇಲೆ ಕೊಠಡಿಗೆ ನುಗ್ಗಿ ಬರೆಯಲು ಕೂತ ಹುಡುಗರಂತೆ. ರಸ್ತೆಯಲ್ಲಿ ಕಾರಿನಲ್ಲಿ ಹೋಗುವವರಿಗೆ ಎಲ್ಲವೂ ಹಸಿರೇ. ಮಳೆ ಬಂದಿಲ್ಲವೆಂದು ನಾನು ಯಾವ ಸಭೆಯಲ್ಲೂ ಹೇಳಿಲ್ಲ. ಎಲೆ ಮಡಿಸಿದ್ದೆವು ಎಂದಷ್ಟೇ ಹೇಳುತ್ತಿದ್ದೇನೆ.

ಪತ್ರಿಕೆಯವರು ಇದಕ್ಕೆ ಹಸಿರು ಬರ ಎಂದು ಹೆಸರಿಟ್ಟಿದ್ದಾರೆ. ಪತ್ರಿಕೆಯ ಭಾಷೆಯಲ್ಲಿ ಅಪರೂಪಕ್ಕೊಮ್ಮೆ ಹುಟ್ಟುವ ಕವಿತೆಯಿದು ಎಂದು ನನಗೆ ಸಂತೋಷವಾಯಿತು. ಆದರೆ ಊರಿನವರಿಗೆ ಅದು ಒಣ ಕೆರೆ ಎಂದಷ್ಟು ಸಹಜವಾಗಿ ಕಿವಿಗೆ ಇಳಿಯಲಿಲ್ಲ. ಒಂದು ದಿನ ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಇಬ್ಬರು ಹಿರಿಯರು ಇದೇ ವಿಷಯಕ್ಕೆ ಕಾದಾಡುತ್ತಿದ್ದರು. ಬಸ್ಸಿನ ಎಡಕ್ಕೆ ಕೊಳವೆಬಾವಿಯ ನೀರುಂಡ ತೋಟ, ಬಲಕ್ಕೆ ರಾಗಿ ಒಣಗಿ ನಿಂತ ಬೆದ್ದಲು ಹೊಲ.

"ಎಲ್ಲೈತ್ಲಾ ಬರ? ಕಣ್ಣು ಹಾಯ್ಸಿದಷ್ಟೂ ಹಸಿರು."

"ನಿನ್ನ ಕಿಟಕಿ ಬುಟ್ಟು ನನ್ನ ಕಿಟಕೀಲಿ ನೋಡ್ಲಾ, ಗೊತ್ತಾಯ್ತದೆ."

ಕಂಡಕ್ಟರು ನಡುವೆ ನಿಂತು, "ಇಬ್ರೂ ಸೀಟು ಬದಲಾಯ್ಸ್ಕಳ್ರಪ್ಪ, ಟಿಕೆಟ್ ಅದೇ ಆಯ್ತದೆ" ಎಂದ. ಇಬ್ಬರೂ ಕದಲಲಿಲ್ಲ. ನಮ್ಮ ಸಾರ್ವಜನಿಕ ಚರ್ಚೆಗಳೆಲ್ಲ ಹೀಗೆಯೇ ಅಲ್ಲವೇ? ಯಾರಿಗೂ ಕಣ್ಣಿನ ದೋಷವಿಲ್ಲ. ಕೂತ ಕಿಟಕಿಯನ್ನು ಬಿಟ್ಟೇಳುವ ಮನಸ್ಸಿಲ್ಲ. ಮದುವೆ ಮನೆಗಳಲ್ಲಿ ದಂಡಿನಶಿವರದ ಬೀಗರು ಸಿಕ್ಕಿದರೆ, "ನಿಮ್ಮ ಕಡೆ ಬರವಂತೆ?" ಎಂದು ಕಾಯಿಲೆ ವಿಚಾರಿಸುವ ದನಿಯಲ್ಲಿ ಕೇಳುತ್ತಾರೆ, ತಮ್ಮ ಕಡೆಯ ವಿಷಯ ಎತ್ತಿದರೆ ಪಾಯಸದ ಕಡೆಗೆ ಮಾತು ತಿರುಗಿಸುತ್ತಾರೆ.

ಇನ್ನು ತೆಂಗಿನ ಮರವಂತೂ ಈ ಚರ್ಚೆಯಲ್ಲಿ ಸಾಕ್ಷಿ ಹೇಳಲು ಯೋಗ್ಯವೇ ಅಲ್ಲ. ರಾಗಿಯ ಪೈರಿಗೆ ಸಂಕಟವಾದರೆ ವಾರದೊಳಗೆ ಊರಿಗೆಲ್ಲ ತಿಳಿಯುತ್ತದೆ. ತೆಂಗು ಹಾಗಲ್ಲ, ಅದು ಮಾನವಂತ ಜೀವಿ. ಬೇರು ಬಾಯಾರಿ ಬಳಲುತ್ತಿದ್ದರೂ ತಲೆಯ ಮೇಲಿನ ಹಸಿರು ಗರಿಗಳನ್ನು ಹರಡಿಕೊಂಡೇ ನಿಂತಿರುತ್ತದೆ, ಹಳೆಯ ಮನೆತನದ ಯಜಮಾನ ಒಳಗೆ ಗಂಜಿ ಕುಡಿದು ಹೊರಗೆ ಜರಿಯ ಪೇಟ ಸುತ್ತಿಕೊಂಡು ಕೂರುವ ಹಾಗೆ. ಹೊಂಬಾಳೆಯಲ್ಲಿ ಕಚ್ಚಿದ ಎಳೆಯ ಕಾಯಿಯ ಹರಳುಗಳು ಒಂದೊಂದಾಗಿ ಉದುರುತ್ತವೆ. ಬುಡದಲ್ಲಿ ಬಿದ್ದ ಅವುಗಳನ್ನು ನೋಡುವವನು ತೋಟದವನು ಮಾತ್ರ. ಇವತ್ತಿನ ಬಾಯಾರಿಕೆ ಬರುವ ವರ್ಷ, ಅದರಾಚೆಯ ವರ್ಷ, ಕಾಯಿಯ ಗಾತ್ರದಲ್ಲಿ, ಕೊಬ್ಬರಿಯ ತೂಕದಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಸಭೆ ಮುಗಿದು ಎಷ್ಟೋ ಕಾಲವಾಗಿರುತ್ತದೆ.

ಇಷ್ಟೆಲ್ಲ ವಾದದ ನಡುವೆ, ವಾದ ಮಾಡದೆ ಸುಮ್ಮನಿದ್ದವಳು ನಮ್ಮ ಪಕ್ಕದ ಮನೆಯ ಸಿದ್ಧಗಂಗಮ್ಮ. ಅವಳಿಗೆ ಗಂಡ ರುದ್ರಪ್ಪ, ಒಂದಿಷ್ಟು ತೆಂಗು, ನೀರಾವರಿಯಿಲ್ಲದ ರಾಗಿಯ ಹೊಲ, ಮತ್ತು ಕೆಂದಿ ಎಂಬ ಹಸು. ತವರಿನಿಂದ ಹೊಡೆದುಕೊಂಡು ಬಂದ ಹಸುವಿನ ವಂಶದಲ್ಲಿ ಉಳಿದದ್ದು ಇದೊಂದೇ, ಈಗ ಗಬ್ಬವಾಗಿತ್ತು. ಹಸಿರೇ ಇದೆಯಲ್ಲ, ಮೇಯಲಿ ಎನ್ನುತ್ತೀರಾ? ಪಾರ್ಥೇನಿಯಮ್ಮನ್ನು ಯಾವ ಹಸುವೂ ಮೂಸುವುದಿಲ್ಲ. ಬದುವಿನ ಗರಿಕೆ ಬಿಸಿಲು ಬೀಳುವವರೆಗಿನ ಮಾತು. ಬೇಸಿಗೆ ಕಳೆಯಲು ಬೇಕಾದದ್ದು ಹಿತ್ತಿಲಲ್ಲಿ ಮೆದೆ ಒಟ್ಟಿದ ರಾಗಿಯ ಹುಲ್ಲು, ಮತ್ತು ರಾಗಿಯೇ ಬೆಳೆಯದ ವರ್ಷ ಹುಲ್ಲೆಲ್ಲಿಯದು? ಹಳೆಯ ಮೆದೆ ಕರಗುತ್ತ ಕರಗುತ್ತ ಒಂದು ಗುಪ್ಪೆಯಾಗಿತ್ತು. ದನದ ದಲ್ಲಾಳಿಯೊಬ್ಬ ಎರಡು ಸಲ ಬಂದು, ಕೆಂದಿಯ ಬೆನ್ನು ಸವರಿ, ಹಲ್ಲು ನೋಡಿ, ಮೆದೆಯನ್ನೂ ನೋಡಿ ಹೋಗಿದ್ದ. ನಮ್ಮ ಹೋಬಳಿ ಬರಪೀಡಿತವೆಂದು ಘೋಷಣೆಯಾದರೆ ಊರಿನ ಹಳೆಯ ಶಾಲೆಯ ಬಯಲಿನಲ್ಲಿ ಮೇವಿನ ಕೇಂದ್ರ ತೆರೆಯುತ್ತಾರೆ, ಕೆಂದಿ ಕೊಟ್ಟಿಗೆಯಲ್ಲೇ ಕರು ಹಾಕುತ್ತದೆ. ಇಲ್ಲವಾದರೆ ಸಂತೆಗೆ ನಡೆಯುತ್ತದೆ. ಪತ್ರಿಕೆಗಳ ಅಷ್ಟೂ ಅಂಕಣಗಳು ನನ್ನ ಪಾಲಿಗೆ ಇದೊಂದು ವಾಕ್ಯಕ್ಕೆ ಇಳಿದಿದ್ದವು.

ನನ್ನನ್ನು ನೋಡಿ ನಕ್ಕ ಸಭೆ, ನಕ್ಕ ಮೇಲೆ, ಯಾಕೋ ಏನೋ, ಅರ್ಜಿ ಬರೆಯಲು ಒಪ್ಪಿಬಿಟ್ಟಿತು. ಕೆಲವೇ ದಿನಗಳಲ್ಲಿ ಬರ ನೋಡಲು ಅಧಿಕಾರಿಗಳು ಬಂದರು.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿಯನ್ನು ಹೇಳಬೇಕು. ನಾವು ಎಳನೀರಿನ ವಿಷಯದಲ್ಲಿ ಮಹಾ ಜಿಪುಣರು. ಬೇರೆ ಕಡೆಯವರಂತೆ ಎಳೆಯದರಲ್ಲೇ ಕಿತ್ತು ಲಾರಿ ತುಂಬುವ ಚಾಳಿ ನಮ್ಮಲ್ಲಿ ಕಡಿಮೆ. ಕಾಯಿ ಮರದಲ್ಲಿ ಬಲಿಯಬೇಕು, ಅಟ್ಟದ ಮೇಲೆ ತಿಂಗಳುಗಟ್ಟಲೆ ತಪಸ್ಸು ಮಾಡಬೇಕು, ಒಳಗೆ ಕೊಬ್ಬರಿ ಗುಂಡು ಕಟ್ಟಿ ಗಡಗಡ ಆಡಬೇಕು. ಒಂದು ಎಳನೀರು ಕಿತ್ತರೆ ಒಂದು ಕೊಬ್ಬರಿಗೆ ತಿಲಾಂಜಲಿ. ಹೀಗಾಗಿ ಮನೆಯವರಿಗೆ ಜ್ವರ ಬಂದರಷ್ಟೇ ಎಳನೀರು. ಆದರೆ ಅಂಗಳಕ್ಕೆ ಹೊಸಬರು ಬಂದರೋ, ಅವರು ಯಾರೇ ಆಗಲಿ, ಎಳನೀರು ಕುಡಿಯದೆ ಹೋಗಕೂಡದು. ಅದೂ ಇದ್ದುದರಲ್ಲಿ ಅತ್ಯುತ್ತಮವಾದ ಮರದ್ದು. ಪ್ರತಿ ಮನೆಯಲ್ಲೂ ಅಂಥ ಮರ ಒಂದೇ ಇರುತ್ತದೆ, ಅದು ಬಚ್ಚಲ ಮರ. ಮನೆಮಂದಿಯ ಸ್ನಾನದ ನೀರನ್ನು ಬೇಸಿಗೆ, ಮಳೆಗಾಲವೆನ್ನದೆ ಕುಡಿದು, ಅದು ಯಾವ ಬರಕ್ಕೂ ಜಗ್ಗದೆ ಗೊನೆಗೊನೆ ತೂಗುತ್ತಿರುತ್ತದೆ.

ಅಧಿಕಾರಿಗಳು ಕೆರೆಯ ಅಂಗಳ ನೋಡಿದರು, ಹೊಲ ನೋಡಿದರು. ಬಿಸಿಲೇರಿ, ಸಿದ್ಧಗಂಗಮ್ಮನ ಮನೆಯ ಮುಂದಿನ ನೆರಳಿಗೆ ಬಂದು ನಿಂತರು. ನಾನು ಹೊಲದ ಬದುವಿನಿಂದ ಅವರ ಹಿಂದೆ ಬರುತ್ತಿದ್ದೆ. ನಾನು ಬಂದು ಸೇರುವಷ್ಟರಲ್ಲಿ ರುದ್ರಪ್ಪ ಬಚ್ಚಲ ಮರದಿಂದ ಇಳಿದಾಗಿತ್ತು.

"ಬಹಳ ಸಿಹಿಯಾಗಿದೆಯಲ್ಲಮ್ಮ!" ಎಂದರು ಹಿರಿಯ ಅಧಿಕಾರಿ, ಮೂಗಿನವರೆಗೆ ಎಳನೀರು ಎತ್ತಿಕೊಂಡು.

"ನಮ್ಮ ಕಡೆ ಎಳ್ನೀರು ಅಂದ್ರೆ ಸುಮ್ಕೇನಾ ಸ್ವಾಮಿ? ಇನ್ನೊಂದು ಕುಡೀರಿ." ಸಿದ್ಧಗಂಗಮ್ಮನ ಮುಖ ದೀಪದಂತೆ ಬೆಳಗುತ್ತಿತ್ತು. "ಏನ್ರೀ, ಇನ್ನೆಲ್ಡು ಕೆತ್ರೀ. ಆ ದಪ್ಪಂದು ಕೆತ್ರೀ!"

ಅಧಿಕಾರಿ ತಲೆಯೆತ್ತಿ ಬಚ್ಚಲ ಮರದ ಗೊನೆಗಳನ್ನು ನೋಡಿದರು. "ಇಂಥ ಕಾಯಿ ಇರುವ ಊರಿನಲ್ಲಿ ಬರ ಎಂದರೆ ನಾನು ಹೇಗೆ ಬರೆಯಲಮ್ಮ?"

"ನಾನೂ ಅದನ್ನೇ ಹೇಳ್ತಿರೋದು ಸಾರ್" ಎಂದ ಅವರ ಜೊತೆ ಬಂದಿದ್ದ ಶಿವನಂಜಪ್ಪ. ಅವನೂ ಒಂದು ಕುಡಿಯುತ್ತಿದ್ದ.

ಆ ಮರ ಬಚ್ಚಲ ನೀರಿನದೆಂದು ನಾನು ವಿವರಿಸಿದೆ. ಬಂದಿದ್ದ ಮೂವರು ಅಧಿಕಾರಿಗಳೂ ಬಾಯಿ ಒರೆಸಿಕೊಂಡು ಒಬ್ಬರನ್ನೊಬ್ಬರು ನೋಡಿದರು. ಕುಡಿದ ನೀರಿನ ವಂಶಾವಳಿಯನ್ನು ಕುಡಿದ ಮೇಲೆ ಹೇಳುವುದು ಸೌಜನ್ಯವಲ್ಲವೆಂದು ನನಗೂ ಆಗ ಹೊಳೆಯಿತು. ಜೀಪು ಹೊರಟಿತು.

"ಅಲ್ಲಮ್ಮ ಸಿದ್ಧಗಂಗಾ, ಬರ ನೋಡಲು ಬಂದವರಿಗೆ ಬಚ್ಚಲ ಮರದ್ದು ಕೊಟ್ಟೆಯಲ್ಲ!" ಎಂದೆ.

"ಮತ್ತೆ? ಬಂದೋರಿಗೆ ಕೆಟ್ಟ ಮರದ್ದು ಕೊಡಾಕಾಯ್ತದಾ ಟೀಚರಮ್ಮ?" ನಾನೇನೋ ಆಡಬಾರದ ಮಾತು ಆಡಿದೆನೆಂಬಂತೆ ನನ್ನನ್ನು ನೋಡಿದಳು. ಹಾಗೆ ನೋಡುತ್ತಿದ್ದಂತೆಯೇ ಅವಳ ಕಣ್ಣು ಕೊಟ್ಟಿಗೆಯ ಕಡೆಗೆ ಹೊರಳಿತು. ಕೈ ಹಣೆಗೆ ಹೋಯಿತು. "ಅಯ್ಯೋ ಶಿವನೇ! ಕೆಂದೀನೇ ಕುಡಿಸ್ಬುಟ್ನಲ್ಲಾ!"

ನನಗೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ನಗು. ನಕ್ಕದ್ದಕ್ಕೆ ಅವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆ ಸಿಟ್ಟು ನ್ಯಾಯವಾದದ್ದೆಂದು, ಇಂಥ ವಿಷಯಗಳನ್ನು ಬಲ್ಲವಳಾದ ನಾನು, ಮನಸಾರೆ ಒಪ್ಪಿಕೊಂಡೆ.

ಇನ್ನೊಂದು ತಂಡ, ಮೊದಲಿನದಕ್ಕಿಂತ ದೊಡ್ಡದು, ಬೆಂಗಳೂರಿನಿಂದ ಬರಲಿದೆಯೆಂಬ ಸುದ್ದಿ ಬಂದಾಗ ಈಶ್ವರನ ಗುಡಿಯ ಜಗಲಿಯ ಮೇಲೆ ಊರು ಸೇರಿತು. ಈ ಸಲ ಯಾರೂ ಎಳನೀರು ಕೊಡಕೂಡದೆಂದು ನಾನು ಹೇಳಿದೆ. ಗುಡಿಯ ಗಂಟೆ ಬಿದ್ದು ಒಡೆದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ.

"ಮನೆ ಬಾಗ್ಲಿಗೆ ಬಂದೋರ್ನ ಒಣಬಾಯಲ್ಲಿ ಕಳ್ಸಾದಾ?"

"ಬೆಲ್ಲ ನೀರು ಕೊಡಣ ಬುಡ್ರಪ್ಪ. ಅದಕ್ಕೇನು ಕೊರತೆ?"

"ತೆಂಗಿನ ಸೀಮೇಲಿ ಬೆಲ್ಲ ನೀರು ಕುಡಿಸಿದ್ರು ಅಂತ ಊರೂರಲ್ಲಿ ಆಡ್ಕಂತಾರೆ. ಆಮ್ಯಾಕೆ ಹುಲ್ಲು ಬಂದ್ರೆಷ್ಟು, ಬರದಿದ್ರೆಷ್ಟು?"

"ನಿನ್ನ ಮಾನ ನಿನ್ನ ಎಮ್ಮೆ ತಿಂತದಾ?" ಎಂದು ರುದ್ರಪ್ಪ ಕೇಳಿದ ಮೇಲೆ ಚರ್ಚೆ ತಣ್ಣಗಾಯಿತು. ಬೆಲ್ಲ ನೀರಿಗೆ ಒಪ್ಪಿಗೆಯಾಗಿ, ಒಬ್ಬೊಬ್ಬರೂ ಗುಡಿಯ ಹೊಸ್ತಿಲು ಮುಟ್ಟಿ ಆಣೆ ಮಾಡಿದರು. ಸಿದ್ಧಗಂಗಮ್ಮ ಎಲ್ಲರಿಗಿಂತ ಗಟ್ಟಿಯಾಗಿ ಮುಟ್ಟಿದಳು.

ಶಿವನಂಜಪ್ಪ ಆ ಸಭೆಗೆ ಬಂದಿರಲಿಲ್ಲ. ಮರುದಿನ ಸಂಜೆ ಬೇಲಿಯ ಆಚೆ ನಿಂತು ಕೆಮ್ಮಿದ. ಅವನು ಕೆಮ್ಮಿದನೆಂದರೆ ಏನೋ ಬೇಕಾಗಿದೆ ಎಂದರ್ಥ.

"ಅತ್ತಿಗೆ, ನಿಮ್ಮ ಬರಾನ ಇನ್ನೊಂದು ತಿಂಗಳು ತಡ್ಕಳಾಕಾಗಲ್ವಾ?"

"ಯಾಕಪ್ಪ? ಬರ ನನ್ನ ಪುಸ್ತಕದಲ್ಲಿರುವುದಲ್ಲವೇ? ಮುಚ್ಚಿಟ್ಟರಾಯಿತು."

"ಅದನ್ನ ಇನ್ನೂ ಮರ್ತಿಲ್ವಾ ನೀವು?"

"ಆಗಿ ತಿಂಗಳೂ ಆಗಿಲ್ಲ."

ಅವನು ಬೇಲಿಯ ಗರಿಯೊಂದನ್ನು ಸುಮ್ಮನೆ ಸೀಳುತ್ತ ನಿಂತ. ಆಮೇಲೆ ದನಿ ತಗ್ಗಿಸಿ ಹೇಳಿದ: "ಪ್ರಸನ್ನಂಗೆ ಹೆಣ್ಣು ನೋಡಿದೀವಿ. ಅರಸೀಕೆರೆ ಕಡೆಯೋರು. ತೋಟ ನೋಡಾಕೆ ಬತ್ತಾರಂತೆ. ತೋಟದಾಗಿರೋ ಹುಡುಗ್ರಿಗೆ ಹೆಣ್ಣು ಕೊಡೋರೇ ಇಲ್ಲ ಈಗ. ಅದ್ರ ಮ್ಯಾಲೆ ಬರದ ಸೀಮೆ ಅಂತ ಪೇಪರ್ನಾಗೆ ಬಂದ್ರೆ? ನೀವೇ ಹೇಳಿ."

ಪ್ರಸನ್ನ ಅವನ ಮಗ. ತೋಟ ಬಿಟ್ಟು ಹೋಗಲೊಲ್ಲದ, ಮೂವತ್ತು ದಾಟಿದ, ನನ್ನನ್ನು ಕಂಡರೆ ಈಗಲೂ ಎದ್ದು ನಿಲ್ಲುವ ಒಳ್ಳೆಯ ಹುಡುಗ. ಶಿವನಂಜಪ್ಪನನ್ನು ಶುದ್ಧ ಸುಳ್ಳುಗಾರನೆಂದು ಭಾವಿಸಿ ಸಿಟ್ಟಾಗುವುದರಲ್ಲಿ ಒಂದು ಸುಖವಿತ್ತು. ಆ ಸಂಜೆ ಅದು ಕೈತಪ್ಪಿ ಹೋಯಿತೆಂದು ನಿಜವಾಗಿಯೂ ಬೇಸರವಾಯಿತು. ಬರವಿದೆಯೆನ್ನುವವರೆಲ್ಲ ನೊಂದವರು, ಇಲ್ಲವೆನ್ನುವವರೆಲ್ಲ ಸುಖಿಗಳು ಎಂದುಕೊಂಡಿದ್ದೆನಲ್ಲ! ಆದರೆ ಬಚ್ಚಲ ಮರದ ಎಳನೀರು ಕೊಟ್ಟ ಸಿದ್ಧಗಂಗಮ್ಮನಿಗೂ, ಬೇಲಿಯಾಚೆ ಗರಿ ಸೀಳುತ್ತಿದ್ದ ಇವನಿಗೂ ಏನು ವ್ಯತ್ಯಾಸ? ಇಬ್ಬರೂ ನೆಂಟರ ಮುಂದೆ ಊರಿನ ಮುಖ ಬಾಡಬಾರದೆಂದು ಒದ್ದಾಡುತ್ತಿದ್ದವರೇ. ಬಡತನವನ್ನು ಒಪ್ಪಿಕೊಳ್ಳುವುದಕ್ಕೂ ಒಂದು ಶ್ರೀಮಂತಿಕೆ ಬೇಕು. ಅದು ಎಲ್ಲರಲ್ಲೂ ಇರುವುದಿಲ್ಲ. ಹಾಗೆಂದು ತುಪ್ಪದ ಲೆಕ್ಕ ಚುಕ್ತಾ ಆಯಿತೆಂದು ಯಾರೂ ತಿಳಿಯಬೇಕಾಗಿಲ್ಲ.

ದೊಡ್ಡ ತಂಡ ಬಂದ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಬರ ನೋಡಲು ಬಂದ ಜೀಪು ನಮ್ಮೂರ ಓಣಿಯ ಕೆಸರಿನಲ್ಲಿ ಗಾಲಿ ಮುಳುಗುವಂತೆ ಹೂತುಕೊಂಡಿತು. ಊರವರೆಲ್ಲ ಸೇರಿ, "ಬರಕ್ಕೆ ಜೈ!" ಎಂದು ಯಾರೋ ಕೂಗಿದ್ದಕ್ಕೆ ನಗುತ್ತ, ತಳ್ಳಿದರು. ತಂಡದ ಮುಖ್ಯಸ್ಥೆ ನಡುವಯಸ್ಸು ದಾಟಿದ ಹೆಣ್ಣುಮಗಳು. ಇಳಿಯುವಾಗ ಕಾಲು ಜಾರಿ, ಸೀರೆಯ ಅಂಚೆಲ್ಲ ಕೆಸರಾಗಿ, ಸಿದ್ಧಗಂಗಮ್ಮನ ಸೂರಿನ ಕೆಳಗೆ ಬಂದು ನಿಂತರು. ಕಾಲಿಗೆ ನೀರು ಕೊಟ್ಟದ್ದಾಯಿತು, ಬೆಲ್ಲ ನೀರೂ ಬಂತು. ಆಕೆ ಲೋಟವನ್ನು ಹಿಂದಕ್ಕೆ ಸರಿಸಿ, "ನನಗೆ ಸಿಹಿ ಆಗುವುದಿಲ್ಲಮ್ಮ, ಬೇಡ" ಎಂದು ದಣಿದ ದನಿಯಲ್ಲಿ ಹೇಳಿ ಮೆಟ್ಟಿಲ ಮೇಲೆ ಕುಳಿತರು.

ಸಿದ್ಧಗಂಗಮ್ಮ ನನ್ನನ್ನು ನೋಡಿದಳು. ಗುಡಿಯ ಕಡೆ ನೋಡಿದಳು. ಮನೆಗೆ ಬಂದ ಹೆಂಗಸು, ದಣಿದವಳು, ಬಾಯಿಗೆ ಏನೂ ಮುಟ್ಟಿಸದೆ ಕೂತಿದ್ದಾಳೆ. ಅವಳೊಳಗೆ ಏನು ನಡೆಯುತ್ತಿದೆಯೆಂದು ಓಣಿಗೆಲ್ಲ ಕಾಣುತ್ತಿತ್ತು.

"ಏನ್ರೀ, ಮರ ಹತ್ರೀ!" ಎಂದಳು ಕೊನೆಗೆ, ಅಳುವ ದನಿಯಲ್ಲಿ. "ಶಿವ ಬೈದ್ರೆ ಬೈಲಿ."

ಬಚ್ಚಲ ಮರದಲ್ಲಿ ಎಳನೀರಿಗೆ ಹದವಾಗಿದ್ದ ಗೊನೆ ಮೊದಲಿನ ತಂಡದ ಹೊಟ್ಟೆಗೆ ಹೋಗಿತ್ತು, ಉಳಿದವು ಬಲಿತಿದ್ದವು. ರುದ್ರಪ್ಪ ಹೊಲದ ಬದುವಿನ ಮರಕ್ಕೆ ಹತ್ತಿ ಒಂದು ಗೊನೆ ಇಳಿಸಿದ. ಕಾಯಿ ಮುಷ್ಟಿಗಿಂತ ಅಷ್ಟಿಷ್ಟು ದೊಡ್ಡವು, ಉದ್ದಕ್ಕೆ ಸೊರಗಿ, ಮೈಯೆಲ್ಲ ಕಂದು ಗೆರೆ. ರುದ್ರಪ್ಪ ಒಂದನ್ನು ಕೆತ್ತಿ ಲೋಟಕ್ಕೆ ಬಗ್ಗಿಸಿದ, ತಳ ಮುಚ್ಚಿತು. ಇನ್ನೊಂದು ಕೆತ್ತಿದ. ಮತ್ತೊಂದು. ಅಧಿಕಾರಿಣಿಯ ಪಾದದ ಬಳಿ ಬುರುಡೆಗಳು ರಾಶಿ ಬಿದ್ದವು, ಲೋಟ ಮಾತ್ರ ತುಂಬಲೊಲ್ಲದು. ಸಿದ್ಧಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಬೈಕಾಬ್ಯಾಡ್ರಮ್ಮ. ಇದು ನಮ್ಮ ಎಳ್ನೀರಲ್ಲ. ನಮ್ಮ ಎಳ್ನೀರು ಹಿಂಗಿರ್ಲಿಲ್ಲ, ಊರಲ್ಲಿ ಯಾರ್ನ ಬೇಕಾದ್ರೂ ಕೇಳಿ. ನಿಮ್ಗೆ ಇಂಥದ್ದು ಕೊಟ್ನಲ್ಲ ನಾನು."

ತನ್ನ ತೋಟದ ಸೊಬಗು ತೋರಿಸಲೆಂದು ಬಿಳಿ ಪಂಚೆ ಉಟ್ಟು ಬಂದಿದ್ದ ಶಿವನಂಜಪ್ಪ ಮುಂದೆ ಬಂದ. ಅವನೀಗ ಮಾತಾಡುತ್ತಾನೆಂದು ನಾನು ಸನ್ನದ್ಧಳಾದೆ. ಅವನು ಒಂದು ಬುರುಡೆಯನ್ನೆತ್ತಿ, ಎರಡು ಹೋಳು ಮಾಡಿಸಿ, ಒಳಗಿನ ತೆಳ್ಳನೆಯ ಗಂಜಿಯ ಮೇಲೆ ಹೆಬ್ಬೆರಳು ಎಳೆದ. ಕೊಬ್ಬರಿಯವರ ಬೆರಳು ಮುಂದಿನ ವರ್ಷವನ್ನೇ ಮುಟ್ಟಿ ನೋಡುತ್ತದೆ. ಹೋಳನ್ನು ಮೆಲ್ಲನೆ ಕೆಳಗಿಟ್ಟು, ಬೆರಳನ್ನು ಆ ಬಿಳಿ ಪಂಚೆಗೇ ಒರೆಸಿಕೊಂಡು, ಒಂದೂ ಮಾತಾಡದೆ ನಿಂತ. ಅವನು ಮಾತಿಲ್ಲದೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಗೆದ್ದೆನೆಂದು ಹಿಗ್ಗಲು ಹೊರಟವಳಿಗೆ ಏಕೋ ಮನಸ್ಸು ಬರಲಿಲ್ಲ.

ಅಧಿಕಾರಿಣಿ ಲೋಟದಲ್ಲಿದ್ದುದನ್ನು ಕೊನೆಯ ಹನಿಯವರೆಗೆ ಕುಡಿದರು. "ಹೊಲಕ್ಕೆ ಹೋಗೋಣವಾ?" ಎಂದು ಸಿದ್ಧಗಂಗಮ್ಮನನ್ನೇ ಕೇಳಿ, ಅದೇ ಕೆಸರಿನಲ್ಲಿ ಇಳಿದು ಅವಳ ಹಿಂದೆ ನಡೆದರು. ಮರುಚಿಗುರಿನಲ್ಲಿ ಮೂಡಿದ್ದ ರಾಗಿಯ ತೆನೆಯೊಂದನ್ನು ಅಂಗೈಯಲ್ಲಿ ಉಜ್ಜಿ ಊದಿದರು. ಕೈಯಲ್ಲಿ ಏನೂ ಉಳಿಯಲಿಲ್ಲ.

ಪಟ್ಟಿ ಪ್ರಕಟವಾದಾಗ ಅದರಲ್ಲಿ ನಮ್ಮ ಹೋಬಳಿಯಿತ್ತು. ಆ ಲೋಟವೇ ಕಾರಣವೋ, ದೂರದ ಯಾವುದೋ ಲೆಕ್ಕಾಚಾರವೋ ನಾನರಿಯೆ. ವಾದವೇನೂ ನಿಲ್ಲಲಿಲ್ಲ, ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮಳೆಯಿದ್ದೂ ಬರವೆಂಬುದು ದೊಡ್ಡ ನಗೆಚಾಟಿಕೆಯೆಂದು ಈಗಲೂ ಹೇಳುವವರಿದ್ದಾರೆ. ನಾನು ಈಗಲೂ ಉತ್ತರ ಕೊಡುತ್ತೇನೆ.

ಹಳೆಯ ಶಾಲೆಯ ಬಯಲಿಗೆ ಹುಲ್ಲಿನ ಲಾರಿ ಬಂದ ದಿನ ಸಿದ್ಧಗಂಗಮ್ಮ ಮನೆಯಿಂದ ಹೊರಡಲೊಲ್ಲಳು. ಬೇಡಿ ಪಡೆದದ್ದೇನೋ ಸರಿ, ಸಾಲಿನಲ್ಲಿ ನಿಂತು ಈಸಿಕೊಳ್ಳುವುದು ಹೇಗೆ? ತವರಿನವರು ಕೇಳಿದರೆ ಏನು ಹೇಳುವುದು? ಅವಳ ರಟ್ಟೆ ಹಿಡಿದು ಕರೆದುಕೊಂಡು ಹೋದೆ. ಅಲ್ಲಿ ಹೋಗಿ ನೋಡಿದರೆ, ಸಾಲಿನ ನಡುವೆ, ಟವೆಲ್ಲನ್ನು ಹುಬ್ಬಿನವರೆಗೆ ಇಳಿಬಿಟ್ಟುಕೊಂಡು, ಯಾರ ಕಣ್ಣಿಗೂ ಬೀಳದಂತೆ ನಿಂತಿರುವವನು ನನ್ನ ಮೈದುನ.

"ಏನಪ್ಪ ಶಿವನಂಜಪ್ಪ, ಇಲ್ಲಿ?"

"ಮಳೆ ಬಂತಲ್ಲ ಅತ್ತಿಗೆ, ನಿಂತ್ಕಂಡೆ."

ಅವನು ನಿಂತಲ್ಲಿ ಸೂರಿರಲಿಲ್ಲ. ಮಳೆ ನೇರವಾಗಿ ಅವನ ಮೇಲೆಯೇ ಸುರಿಯುತ್ತಿತ್ತು. ನಾನು ತಲೆಯೆತ್ತಿ ಮುಗಿಲು ನೋಡಿ, ಅವನನ್ನು ನೋಡಿದೆ. ಅವನೇ ನಕ್ಕುಬಿಟ್ಟ. "ಹೆಣ್ಣಿನ ಕಡೆಯೋರಿಗೆ ಫೋನ್ ಮಾಡಿದ್ದೆ. ಬೀಗರು ಮನೇಲಿಲ್ಲ ಅಂದ್ರು. ಎಲ್ಲೋಗವ್ರೆ ಅಂದ್ರೆ, ಅವರೂರ ಮೇವಿನ ಸಾಲಲ್ಲಿ ನಿಂತವ್ರಂತೆ! ಸಂಬಂಧ ಕುದ್ರಿದಂಗೇ ಬುಡಿ."

ಸಿದ್ಧಗಂಗಮ್ಮ ಎಷ್ಟೋ ವಾರಗಳ ಮೇಲೆ ಬಾಯ್ತುಂಬ ನಕ್ಕಳು. ನಕ್ಕು, ಸಾಲಿನಲ್ಲಿ ನಿಂತಳು. ಸರದಿ ಬಂದಾಗ ರುದ್ರಪ್ಪ ಹುಲ್ಲಿನ ಹೊರೆಯನ್ನು ಅವಳ ತಲೆಗೆ ಎತ್ತಿದ. ಅಷ್ಟರಲ್ಲಿ ಮಳೆ ದಪ್ಪ ಹನಿಗಳಾಗಿ ಇಳಿಯತೊಡಗಿತು. ಅವಳು ಹೊರೆಯನ್ನು ಮತ್ತೆ ಕೆಳಗಿಳಿಸಿ, ತಾನು ಹೊದ್ದಿದ್ದ ಗೋಣಿಯ ಕೊಪ್ಪೆಯನ್ನು ಬಿಚ್ಚಿ ಅದಕ್ಕೆ ಹೊದಿಸಿ, ನಾಲ್ಕೂ ಕಡೆ ಒತ್ತಿ ಸಿಕ್ಕಿಸಿ, ಬರಿತಲೆಯ ಮೇಲೆ ಹೊತ್ತುಕೊಂಡು ಓಣಿಯಲ್ಲಿ ದಾಪುಗಾಲು ಹಾಕಿದಳು. ಮುಖದ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ತಿರುವಿನಲ್ಲಿ ದನದ ದಲ್ಲಾಳಿ ಎದುರಾಗಿ ದಾರಿಗಡ್ಡವಾಗಿ ನಿಂತ.

"ಏನಮ್ಮ, ಇಷ್ಟು ಮಳೆ ಬಿದ್ರೂ ಬರಾನಾ? ಹಸ ಕೊಡಾ ವಿಚಾರ ಏನಾಯ್ತು?"

"ದಾರಿ ಬುಡಣ್ಣೋ," ಎಂದಳು ಸಿದ್ಧಗಂಗಮ್ಮ, ನಿಲ್ಲದೆ, "ಹುಲ್ಲು ನೆಂದೋಯ್ತದೆ!"